ಯಂತ್ರ ಓದದ ಸಾಲು

'ಈ ತಂತ್ರಾಂಶದ ಬಗ್ಗೆ' ಎಂಬ ಪುಟ್ಟ ಕಿಟಕಿಯಲ್ಲಿ
ಹಿಡಿಸುವುದು ಆರೇ ಸಾಲು.
ಏಳು ಮಾಡಹೋದರೆ 'ಸರಿ' ಎಂಬ ಗುಂಡಿ
ಕೆಳಗೆ ಜಾರಿ ಕಾಣೆಯಾಗುತ್ತದೆ.
ಸಾರೆಮಾ ದ್ವೀಪದಲ್ಲಿ ಜೂನ್. ಹನ್ನೊಂದು ಹೊಡೆದರೂ
ಕತ್ತಲಿಗೆ ಬರುವ ಮನಸ್ಸಿಲ್ಲ.
ಹೆಸರು ಹೊಂದಿಸುತ್ತ ಕೂತಿದ್ದೇನೆ.

ಮೊದಲು ಕಾಲ್ಯೊ. ತಾರ್ತುವಿನ ನೆಲಮಾಳಿಗೆಯಲ್ಲಿ
ಆಂಟೆನಾದ ತಂತಿಯನ್ನು ಕಾಗದದ ಮೇಲೆ ತುಂಡರಿಸಿದವನು.
ಒಂದೊಂದು ತುಂಡೂ ಮಿಕ್ಕೆಲ್ಲ ತುಂಡುಗಳ ಮಾತು ಕೇಳಿ
ತನ್ನೊಳಗೆ ಹರಿಯುವುದೆಷ್ಟು ಎಂದು ಹೇಳಬೇಕು,
ಇಷ್ಟೇ ಲೆಕ್ಕ, ಅಂದಿದ್ದನಂತೆ.
ಆ ಇಷ್ಟಕ್ಕೆ ಒಂಬತ್ತು ವರ್ಷ ಹಿಡಿಯಿತು.

ಆಮೇಲೆ ಅಕಿತಾದ ಕುನಿಹಿಕೊ.
ಅಕ್ಕಿ ಗಿರಣಿಗೆ ಬೀಗ ಹಾಕಿ ಬಂದು, ರಾತ್ರಿ ಕೂತು
ಅಂಕಿಗಳ ರಾಶಿಗೆ ಚಿತ್ರ ಕೊಟ್ಟ.
ಅಲೆ ಯಾವ ದಿಕ್ಕಿಗೆ ಎಷ್ಟು ಹೋಗುತ್ತದೆಂಬುದು
ಎಸಳು ಬಿಚ್ಚಿ ಕಂಡದ್ದು ಅವನಿಂದ.
ಕ್ಲೈಪೆಡಾದ ಗಿಂತೌತಾಸ್ ಮೂರು ಭಾಷೆಗೆ ತಂದ,
ಒಂದರಲ್ಲಿ ಕಾಗುಣಿತ ಇನ್ನೂ ತಪ್ಪು; ತಿದ್ದಿಲ್ಲ.
ಓಲೊಮೌತ್ಸ್‌ನ ಅಣ್ಣತಮ್ಮಂದಿರು ಈಗ ಮಾತಾಡುವುದಿಲ್ಲ,
ಆದರೂ ಒಂದೇ ಸಾಲಿನಲ್ಲಿ ಕೂರಿಸಿದೆ.
ಐದನೆಯದು ನಾನು. ನಾಚುತ್ತಲೇ ಬರೆದೆ,
ಬರೆದೆನಂತೂ ನಿಜ.

ಉಳಿದದ್ದು ಒಂದು ಸಾಲು. ಬಾಗಿಲಲ್ಲಿ ಇಬ್ಬರು.

ವೈಕೆ, ಕಾಲ್ಯೊನ ಕೋಳಿಗೀರನ್ನು
ರಟ್ಟಿನ ಕಾರ್ಡುಗಳಿಗೆ ತೂತು ತೂತಾಗಿ ಇಳಿಸಿದವಳು.
ಮೂರನೆಯ ಪೆಟ್ಟಿಗೆಯ ಹೊತ್ತಿಗೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ:
'ಇಲ್ಲಿ ಕಳೆಯುವ ಚಿಹ್ನೆ ಬೇಡವೇ?'
ಬೇಕಿತ್ತು.
ಎಂಡೆಲ್, ಸೋರ್ವೆ ದೀಪಸ್ತಂಭದ ವಿದ್ಯುತ್ ಕೆಲಸದವ.
ಒದ್ದೆ ಬೂಟಿನಲ್ಲೇ ಒಳಗೆ ಬಂದು
ನಿಮ್ಮ ಯಂತ್ರ ಭೂಮಿಯನ್ನು ತಾಮ್ರದ ತಗಡು ಅಂದುಕೊಂಡಿದೆ,
ನನ್ನದು ಸುಣ್ಣಕಲ್ಲು, ಮೇಲೆ ಗೇಣುದ್ದ ಮಣ್ಣು, ಅಂದ.
ತಾನೇ ಅಳೆದು ತಂದಿದ್ದ ಅಂಕಿ, ಮೀನು ಸುತ್ತಿದ ಕಾಗದದ ಮೇಲೆ.
ಇಂದಿಗೂ, ನೆಲ ಯಾವುದೆಂದು ನೀವು ಹೇಳದೆ ಹೋದರೆ
ಚಿಲಿಯಲ್ಲಾಗಲಿ ಕೀನ್ಯಾದಲ್ಲಾಗಲಿ
ಯಂತ್ರ ನಂಬುವುದು ಎಂಡೆಲ್‌ನ ಹಿತ್ತಿಲನ್ನೇ.

ಎಲೆಮರೆಯ ಕಾಯಿ ಅನ್ನೋಣವೆಂದರೆ
ಇಲ್ಲಿನ ಜೂನಿಪರಿಗೆ ಎಲೆಯೆಲ್ಲಿ, ಬರೀ ಮುಳ್ಳು.

ಫೋನು ಮಾಡಿದೆ.
'ವೈಕೆಯದು ಹಾಕು. ನನಗೇಕೆ?
ಸೌನಾ ಕಾದಿದೆ, ಇಡ್ತೀನಿ.'

ವೈಕೆಯ ಮನೆತನದ ಹೆಸರು ಯಾರಿಗೂ ನೆನಪಿಲ್ಲ.
ಆರನೆಯ ಸಾಲಿನಲ್ಲಿ ಎರಡೇ ಅಕ್ಷರ, ಆಚೆಗೆಲ್ಲ ಖಾಲಿ.
ಕೊನೆಯಲ್ಲಿ ಹಾಕಿದೆನೆಂದು ಮುನಿಯಬೇಡ, ವೈಕೆ,
ತಂತಿಯ ತುದಿಯಲ್ಲಿ ಹರಿವು ಸೊನ್ನೆ;
ಒತ್ತಡ ಹೆಚ್ಚಿರುವುದು ಮಾತ್ರ ಅಲ್ಲೇ. ಮುಟ್ಟಿದವರಿಗೆ ಗೊತ್ತು.

ಎಂಡೆಲ್‌ನ ಮಾತು ಮೀರಿ ಒಂದು ಕೆಲಸ ಮಾಡಿದೆ.
ನಮ್ಮ ಹಳೆಯ ಸಂಕೇತಭಾಷೆಯಲ್ಲಿ, ಸಾಲಿನ ಮೊದಲ ಮನೆಗೆ
'ಸಿ' ಎಂದು ಹಾಕಿದರೆ, ಯಂತ್ರ ಆ ಸಾಲನ್ನು ಓದದೆ ದಾಟುತ್ತದೆ.
ನೆಲದ ಅಂಕಿಯ ಪಕ್ಕದಲ್ಲಿ, 'ಸಿ'ಯ ಬೆನ್ನಿಗೆ,
ಅವನ ಪೂರ್ತಿ ಹೆಸರು, ತಾರೀಖು, ಒದ್ದೆ ಬೂಟು.

ಮುಂದೆಂದೋ ತಪ್ಪು ಹುಡುಕುತ್ತ ಬಂದವರು
ಅಲ್ಲಿ ಎಡವಲಿ.