ಕುಂಟೆಬಿಲ್ಲೆ

ಹಾಸನ, ಬಿ.ಎಂ. ರಸ್ತೆ, ಟಯರ್ ಅಂಗಡಿಯ ಮೇಲಿನ ಮಹಡಿ.
ಕೆಳಗೆ ಗಾಳಿ ಹೊಡೆಯುವ ಕಂಪ್ರೆಸರ್ ದಮ್ಮು ಕಟ್ಟಿದಾಗೆಲ್ಲ
ನಮ್ಮ ಮೇಜು ಸಣ್ಣಗೆ ನಡುಗುತ್ತದೆ.
ನನ್ನ ಕೆಲಸ ಪ್ರಶ್ನೆ ಹೊಸೆಯುವುದು.
ದಿನಕ್ಕೆ ನಲವತ್ತು, ಒಂದಕ್ಕೆ ಆರು ರೂಪಾಯಿ.
ಷರತ್ತಿಷ್ಟೇ: ಒಂದೇ ನೆಗೆತಕ್ಕೆ ಉತ್ತರ ಸಿಗಕೂಡದು.

ಹಾಗಾಗಿ ಕೇಳುತ್ತೇನೆ:
ಬೇಲೂರಿನ ಪಕ್ಕ ಹರಿಯುವ ಹೊಳೆ
ಹೋಗಿ ಸೇರುವ ಹೊಳೆಗೆ
ಅಣೆಕಟ್ಟು ಕಟ್ಟಿದ ಊರು ಯಾವುದು?

ಪರದೆಯ ಮೇಲೆ ಮೂರು ಚುಕ್ಕಿ.
ಆಮೇಲೆ ಅಂಗಳದಲ್ಲಿ ಇದ್ದಿಲ ಗೆರೆ ಎಳೆದಂತೆ
ಪ್ರಶ್ನೆಯನ್ನು ಮನೆ ಮನೆಯಾಗಿ ಬರೆದುಕೊಂಡು
ಯಂತ್ರ ಒಂಟಿ ಕಾಲಲ್ಲಿ ಹೊರಡುತ್ತದೆ.
ಬೇಲೂರ ಪಕ್ಕದ್ದು ಯಗಚಿ.
ಯಗಚಿ ಸೇರುವುದು ಹೇಮಾವತಿಯನ್ನು.
ಹೇಮಾವತಿಗೆ ಕಟ್ಟೆ, ಗೊರೂರು.
ಗೆರೆ ತುಳಿಯಲಿಲ್ಲ. ಬಿಲ್ಲೆ ಎತ್ತಿಕೊಂಡಿತು.
ಹಸಿರು ಗುಂಡಿ ಒತ್ತುತ್ತೇನೆ.

ಎಲ್ಲ ಸಲ ಹೀಗಲ್ಲ.
ಮೊನ್ನೆ ಯಗಚಿಯನ್ನು ಒಯ್ದು ತುಂಗೆಗೆ ಸೇರಿಸಿ
ತುಂಗೆಯಿಂದ ಹೇಗೋ ಹಾರಿ
ಗೊರೂರಲ್ಲೇ ಬಂದು ನಿಂತಿತು, ಏದುಸಿರೂ ಇಲ್ಲದೆ.
ಉತ್ತರ ಸರಿ.
ಸೂಪರ್‌ವೈಸರ್ ಲೋಹಿತಾಶ್ವ ಕುರ್ಚಿ ತಿರುಗಿಸದೆಯೇ ಅಂದ:
"ಉತ್ತರ ನೋಡಿ ಸಾಕು, ದಾರಿ ಯಾರ್ ಕೇಳ್ತಾರೆ?"

ಕೇಳಿದ್ದರು ಒಬ್ಬರು.
ಹೊಳೆನರಸೀಪುರದ ಹೈಸ್ಕೂಲು, ಒಂಬತ್ತನೇ ಕ್ಲಾಸು,
ರುಕ್ಮಾಂಗದ ಮೇಷ್ಟ್ರು.
ತಬಸ್ಸುಮಳ ನೋಟ್‌ಬುಕ್ಕಿನ ಕೊನೆಯ ಸಾಲಷ್ಟೇ ಕದ್ದು
ಮೇಲಿನ ಹಂತಗಳನ್ನು ನಾನೇ ಹುಟ್ಟಿಸಿ ಬರೆದಿದ್ದೆ.
ಬಯ್ಯಲಿಲ್ಲ. ಕೆಂಪು ಪೆನ್ನಿನ ಹಿಂತುದಿಯಿಂದ ಉತ್ತರವನ್ನು ತಟ್ಟಿ
"ಬಾಗಿಲೇನೋ ಸರಿಯಾಗಿದೆ ಕಣಮ್ಮ, ಮನೆ ಯಾರದು?" ಅಂದರು.
ಸೊನ್ನೆ. ತಬಸ್ಸುಮ್ ವಾರವಿಡೀ ನಕ್ಕಳು.

ಕೆಂಪು ಗುಂಡಿ ಒತ್ತಿದೆ.
ಕಾರಣ ಬರೆಯುವ ಜಾಗದಲ್ಲಿ ಬರೆದೆ: ಗೆರೆ ತುಳಿದಿದೆ.
ಆ ಆರು ರೂಪಾಯಿ ಇನ್ನೂ ಬಂದಿಲ್ಲ.

ನಿನ್ನೆ ಮೂವತ್ತೊಂಬತ್ತು ಮುಗಿದು ಒಂದು ಉಳಿದಿತ್ತು.
ತಲೆ ಓಡದೆ ಸುಮ್ಮನೆ ಟೈಪು ಮಾಡಿದೆ:
ಒಂಬತ್ತನೇ ಕ್ಲಾಸಿನಲ್ಲಿ ನಾನು ಯಾರ ಲೆಕ್ಕ ಕದ್ದೆನೋ ಅವಳು
ಹೋದ ತಿಂಗಳು ಪಕ್ಕದ ಈ ಕುರ್ಚಿ ಬಿಟ್ಟು ಹೋದ ದಿನ
ಊಟದ ಡಬ್ಬಿಯನ್ನು ಯಾಕೆ ಇಲ್ಲೇ ಮರೆತಳು?
ಅಥವಾ, ಮರೆತಳೇ?

ಮೂರು ಚುಕ್ಕಿ.
ಕೆಳಗೆ ಯಾವುದೋ ಲಾರಿಯ ಚಕ್ರ ಕಳಚುತ್ತಿದ್ದಾರೆ.
ಮೊದಲ ಮನೆಯಲ್ಲೇ ಒಂಟಿ ಕಾಲಲ್ಲಿ ನಿಂತುಬಿಟ್ಟಿತು ಯಂತ್ರ.
ಅವಳು ಯಾರೆಂದು ನನಗೆ ತಿಳಿಯದು, ಎಂದಿತು.
ಮುಂದಿನದಕ್ಕೆ ಹೋಗಲಾರೆ, ಎಂದಿತು.
ಊಹೆಯ ಮೇಲೆ ಹಾರಲಿಲ್ಲ,
ಇಲ್ಲದ ಹೊಳೆ ತಿರುಗಿಸಲಿಲ್ಲ.

ಹಸಿರು ಒತ್ತಿದೆ. ಕಾರಣ ಕೇಳಿತು, ಖಾಲಿ ಬಿಟ್ಟೆ.

ಡಬ್ಬಿ ಕಿಟಕಿಯ ಮೇಲೇ ಇತ್ತು.
ಮುಚ್ಚಳದ ಮೇಲೆ ಮೊಳೆಯಲ್ಲಿ ಕೊರೆದ ಅವಳಮ್ಮನ ಹೆಸರು.
ತೊಳೆದು ಚೀಲಕ್ಕೆ ಹಾಕಿಕೊಂಡೆ.
ಪೆನ್ಷನ್ ಮೊಹಲ್ಲಾ ಏನು ಮಹಾ ದೂರ.
ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ
ಒಂದು ಗಳಿಗೆ ನಾನೂ ಒಂಟಿ ಕಾಲಲ್ಲೇ ನಿಂತಿದ್ದೆ.