ಮುಷ್ತರಕಾ

ಹನ್ನೊಂದಕ್ಕ ವರಾಂಡದಾಗ ಪ್ರತಿಜ್ಞೆ.
ಸಾಹೇಬರು ಒಂದೊಂದೇ ಸಾಲು ಓದ್ತಾರ,
ನಾವು ಕೈ ಚಾಚಿ ಹಿಂದಿಂದ ಅಂತೀವಿ:
ಭಾಷೆ, ಧರ್ಮ, ಪ್ರಾಂತ...
'ಪ್ರಾಂತ'ದ ಹತ್ತಿರ ಮೈಕು ಕುಂಯ್ ಅಂತು,
ಇಬ್ಬರು ಜವಾನರು ಅದನ್ನೂ ತಿರುಗಿ ಅಂದರು.
ಏಕತಾ ಸಪ್ತಾಹ. ಫೋಟೊ ಆಯ್ತು. ಎರಡೆರಡು ಬಿಸ್ಕೀಟು.
ನಾನು ಹೋಗಿ ರೆಕಾರ್ಡ್ ರೂಮಿನ ಕೀಲಿ ತೆಗೆದೆ.

ನನ್ನ ಹುದ್ದೆಗೆ ಹೆಸರಿಲ್ಲ. ಪಗಾರ ಪಟ್ಟಿಯಲ್ಲಿ 'ಇತರೆ'.
ಅಜ್ಜ ಪಟವಾರಿ, ಹಣೆ ತುಂಬ ವಿಭೂತಿ ಬಳಕೊಂಡು
ಬಲದಿಂದ ಎಡಕ್ಕ ಬರೀತಿದ್ದ.
ಅವನ ಮಗ್ಗುಲಾಗ ಕೂತು ಅಲಿಫ್ ಬೇ ಕಲಿತದ್ದಕ್ಕ
ಹುಮನಾಬಾದ ತಹಸೀಲಿನಾಗ ಈಗ
ನಿಜಾಮನ ಕಾಲದ ಕಾಗದ ಓದಾಕಿ ನಾನೊಬ್ಬಾಕಿನೇ.

ಹೊಸ ಹುಕುಂ ಬಂದದ.
ಈ ನೆಲದವರು ಅನ್ನಿಸಿಕೊಳ್ಳಲಿಕ್ಕ
ಈ ನೆಲದವರಿಗೆ ಕಾಗದ ಬೇಕು.
ಕಾಗದ ಇಲ್ಲದವರು ಅಜ್ಜನ್ನ ತರಬೇಕು,
ಅಜ್ಜ ಇಲ್ಲದವರು ಅಜ್ಜನ ಹೊಲಾ ತರಬೇಕು.
ಹೊಲ ನನ್ನ ಕಪಾಟಿನಾಗ, ಕೆಂಪು ಬಟ್ಟೆಯ ಗಂಟಿನಾಗ,
ಗೆದ್ದಲು ತಿಂದು ಉಳಿದಷ್ಟು ಎಕರೆ.

ಬರ್ತಾರ.
ತಾಂಡೇದಿಂದ ಸೋಮ್ಲಾ ಬರ್ತಾನ. ಅವನ ಮುತ್ಯಾನ ಹೆಸರು
ನಾಲ್ಕು ಕಡೆ ನಾಲ್ಕು ನಮೂನಿ.
"ನಾಲ್ಕೂ ಅವನೇ ಅಕ್ಕಾ, ಕಾರಕೂನರು ನಾಲ್ಕು ಮಂದಿ."
ತ್ರ್ಯಂಬಕರಾವ್ ಬರ್ತಾರ, ಮರಾಠಿಯಲ್ಲಿ ವಿನಂತಿ,
ತಡ ಆದರ ಕನ್ನಡದಾಗ ಬೈಗಳ.
ಬೈಲಿ ಬಿಡ್ರಿ, ಅದೂ ಒಂದು ದಾಖಲೆ.

ತಸ್ಕೀನ್ ಬಂದಳು, ಕನ್ನಡ ಶಾಲೆ ಟೀಚರು,
ಮುತ್ತಜ್ಜನ ಸಹಿ ತಿರುವಿ ಮುರುವಿ ನೋಡಿದಳು.
"ಇದು ಯಾವ ಕಡಿಂದ ಸುರು ಆಗ್ತದರಿ?"
ಬೆರಳಿಟ್ಟು ತೋರಿಸಿದೆ.
ಆಕಿ ಕಣ್ಣು ಎಡದಿಂದ ಹೊರಟಿತ್ತು, ನನ್ನ ಬೆರಳು ಬಲದಿಂದ,
ಹೆಸರಿನ ನಡುವ ಎಲ್ಲೋ ಭೆಟ್ಟಿ ಆದೆವು.
ಲಾಡ್ಲೇಸಾಬ ವಲ್ದ ಮೌಲಾಲಿ.
ಅದರ ಕೆಳಗೇ, ಅದೇ ಶಾಯಿಯಲ್ಲಿ,
ಗುರಲಿಂಗಪ್ಪ ವಲ್ದ ಬಸಲಿಂಗಪ್ಪ.
ಫಸಲಿ ಹದಿಮೂರು ನೂರಾ ಐವತ್ತೆರಡು, ಸರ್ವೇ ಅರವತ್ನಾಲ್ಕು,
ಕೈಫಿಯತ್ ಕಾಲಮಿನಾಗ ಎರಡೇ ಶಬ್ದ:
ಚಾಹ್ ಮುಷ್ತರಕಾ.

ಚಾಹ್ ಅಂದರ ಬಾವಿ. ಅದು ಸಸಾರ.
ಮುಷ್ತರಕಾಕ್ಕ ಪೆನ್ನು ನಿಂತಿತು.
'ಜಂಟಿ' ಬರೆದೆ. ಕೋರ್ಟಿನ ವಾಸನಿ.
'ಪಾಲಿನ' ಅಂದರ ಆಗಲೇ ಒಡದಂಗಾತು.
'ಸಾರ್ವಜನಿಕ' ಅಂದರ ಯಾರದೂ ಅಲ್ಲ,
ಕಸ ಚೆಲ್ಲಲಿಕ್ಕ ಬರ್ತಾರ.
ಬೆಳಿಗ್ಗೆ ಕೈ ಚಾಚಿ ಅಂದ ಶಬ್ದ ನೆನಪಾತು, 'ಏಕ'.
ಬ್ಯಾಡ. ಅದು ಬಂದರ ಬಾವಿ ಒಬ್ಬರದೇ ಆಗ್ತದ,
ಯಾರು ಆ ಒಬ್ಬರು ಅಂತ ಮತ್ತ ಅರ್ಜಿ.

ಆಪರೇಟರ್ ಹುಡುಗ ಭೀಮಾಶಂಕರ ಕಿಡಕಿಯಿಂದ ಕೂಗಿದ:
"ಮಾಲಕರ ಮನೆಯಾಗ ಒಂದೇ ಹೆಸರು ಹೇಳ್ರಿ ಮೇಡಂ,
ಎರಡು ಹೊಡೆದರ ಕೆಂಪಗಾಗ್ತದ!"

ತಸ್ಕೀನ್ ಜೋಡಿ ಬಂದ ಮುದುಕಿ ಈರಮ್ಮ,
ಗುರಲಿಂಗಪ್ಪನ ಸೊಸಿ, ಎಲಿ ಅಡಿಕಿ ದವಡೆಗೆ ಸರಿಸಿ
"ಅದು ಕೂಡುಬಾವಿ ತಂಗಿ," ಅಂದಳು.
"ಮೂರು ದಿನ ಅವರ ಮೋಟ, ಎರಡು ದಿನ ನಮ್ಮದು.
ಶುಕ್ರವಾರ ಅವರು ನಮಾಜಿಗೆ ಹೋಗೋರು,
ಸೋಮವಾರ ನಾವು ಎತ್ತು ಹೂಡ್ತಿದ್ದಿಲ್ಲ.
ಹಂಗಾಗಿ ಬಾವಿಗೆ ವಾರಕ್ಕ ಎರಡು ದಿನ ಸೂಟಿ.
ಸೂಟಿ ದಿನ ನೀರು ಭಾಳ ಏರತಿತ್ತು."
"ಜಗಳ?" ಅಂದೆ.
"ಆಗತಿತ್ತಲ್ಲ! ಹಗ್ಗದ ಸಲುವಾಗಿ. ನೀರಿಗಲ್ಲ."

ಕೂಡುಬಾವಿ.
ಕೈಲೇ ಬರೆದೆ, ಷರಾ ಕಾಲಮಿನಾಗ, ಮೇಲೆ ಸೀಲು ಒತ್ತಿದೆ.
ಅಜ್ಜ ಇದ್ದಿದ್ದರ ಅಕ್ಷರ ಸೊಟ್ಟ ಅಂತಿದ್ದ.
ಮಾಲಕರ ಮನೆ ಖಾಲಿ ಬಿಟ್ಟರ ಮುಂದ ಹೋಗವಲ್ಲದು.
ಭೀಮಾಶಂಕರ ತಲಿ ಕೆರಕೊಂಡು ಒಂದು ಚುಕ್ಕಿ ಇಟ್ಟ.
ಕಂಪ್ಯೂಟರು ಚುಕ್ಕಿ ಒಪ್ಪಿಕೊಂಡಿತು.

ಪ್ರಿಂಟು ಬಂತು. ನಡುವ ಕರಿ ಚುಕ್ಕಿ.
ಹುಣಸಿ ಗಿಡ ಏರಿ ನೋಡಿದರ
ಬಾವಿನೂ ಅಷ್ಟೇ ಕಾಣತಿತ್ತಂತ, ಈರಮ್ಮ ಅಂದಳು.
ನಾಳೆ ಸಾಹೇಬರು ಕೇಳಬಹುದು, ಇದು ಯಾರ ಹೆಸರು?
ಸೋಮ್ಲಾ ಬಾಗಲದಾಗ ನಿಂತಾನ,
ಕೈಯಾಗ ನಾಲ್ಕೂ ಮುತ್ಯಾಗೋಳು.
ಬಾರಪ್ಪಾ. ಬಿಸ್ಕೀಟು ಒಂದು ಉಳದದ, ತಿಂತಿ ಏನು?