ಪಾಲುಪಟ್ಟಿ

ಒಡೆನ್ಸೆಯಿಂದ ಮತ್ತೆ ಲಕೋಟೆ ಬಂದಿದೆ, ರಿಗ್ಮೋರ್,
ಅವಳಿಗಳ ದಫ್ತರದವರದು. ನಿನಗೂ ಬಂದಿರಬೇಕು.
ಈ ಸಲ ಪ್ರಶ್ನೆಗಳೇ ಇಪ್ಪತ್ತೆರಡು ಪುಟ,
ಜೊತೆಗೆ ಉಗುಳು ತುಂಬಿ ಕಳಿಸಲು ಒಂದು ನಳಿಗೆ.
ಹನ್ನೊಂದನೆಯದು ಕೇಳುತ್ತದೆ:
ಚಿಕ್ಕಂದಿನಲ್ಲಿ ನಿಮ್ಮಿಬ್ಬರಲ್ಲಿ ದಪ್ಪಗಿದ್ದವರು ಯಾರು?
ಪೆನ್ನು ಕೆಳಗಿಟ್ಟು ಎದ್ದೆ,
ಕಾಫಿಗೆ ನೀರಿಟ್ಟೆ.

ಎಸ್ಬಿಯೆರ್ಗ್‌ನ ಆ ಮನೆ ನೆನಪಿದೆಯಲ್ಲ,
ಮೀನೆಣ್ಣೆ ಕಾರ್ಖಾನೆಯ ಗಾಳಿ ಇತ್ತ ಬೀಸಿದ ದಿನ
ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಬೇಕಿತ್ತು.
ದುಡ್ಡಿನ ವಾಸನೆ ಕಣ್ರೇ, ಅನ್ನುತ್ತಿದ್ದ ಅಪ್ಪ,
ಎರಡು ಮೆಟ್ಟಿಲಿಗೊಮ್ಮೆ ನಿಂತು, ಕಂಬಿ ಹಿಡಿದು.
ಅವನ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಕೊರೆದವಳು ಅಮ್ಮ,
ಬೆನ್ನಿಗೆ ಕರ್ಪೂರದೆಣ್ಣೆ ತಿಕ್ಕಿದವಳೂ ಅವಳೇ.
ಎರಡೂ ಒಂದೇ ಮೈಯೊಳಗೆ ಸಂಸಾರ ಹೂಡಿದ್ದು
ನಮಗಾರಿಗೂ ಹೊಳೆಯಲಿಲ್ಲ.

ನಾವೋ, ಒಂದೇ ಮೊಟ್ಟೆ ಬಿರಿದು ಇಬ್ಬರಾದವರು.
ನಿನಗೆ ಬಂದದ್ದು ಉಬ್ಬಸ. ನನಗೆ, ಬರೀ ಉಬ್ಬು.
ನಿನ್ನದು ಕಾಯಿಲೆ ಎನಿಸಿಕೊಂಡಿತು.
ನನ್ನದು, ಚಾಳಿ.

ನಿನ್ನೆದೆಯಲ್ಲಿ ಬೆಕ್ಕಿನ ಮರಿ ಗುರುಗುಟ್ಟಿದ ರಾತ್ರಿ
ಅಮ್ಮ ನಿನ್ನನ್ನು ಒರಗಿಸಿಕೊಂಡು, ಕಿಟಕಿ ತೆರೆದು,
ಮೊದಲ ದೋಣಿಗಳು ಹೊರಡುವ ತನಕ ಕೂತಳು
ನಿನ್ನ ಉಸಿರು ಎಣಿಸುತ್ತಾ.
ನಾನು ಬಾಗಿಲ ಹಿಂದೆ ನಿಂತು ಎಣಿಸುತ್ತಿದ್ದೆ,
ಅವಳು ತಪ್ಪಿದರೆ ಇರಲಿ ಅಂತ.
ಮಾರನೆಯ ದಿನ ಅದೇ ಕೈ
ಬೆಣ್ಣೆ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನ ನೆತ್ತಿಗಿಟ್ಟು
ಹತ್ತಿರ ಕುರ್ಚಿ ಇಲ್ಲದಂತೆ ನೋಡಿಕೊಂಡಿತು.
ಹಸಿವಾಗುತ್ತಿತ್ತು, ರಿಗ್ಮೋರ್. ನಿನಗೆ ಗಾಳಿ ಸಾಲದ ಹಾಗೆ
ನನಗೆ ಊಟ ಸಾಲುತ್ತಿರಲಿಲ್ಲ.
ನಿನಗೆ ಯಾರೂ ಕಡಿಮೆ ಉಸಿರಾಡು ಅನ್ನಲಿಲ್ಲ.

ಈ ಸಲದ ಪತ್ರದ ಕೊನೆಗೊಂದು ಪ್ಯಾರಾ.
ಬರೆದವಳಿಗೆ ನನ್ನ ಮಗಳ ವಯಸ್ಸಿರಬೇಕು.
ಉಬ್ಬಸ ನೇಯುವ ಎಳೆಗಳಲ್ಲಿ ಕೆಲವು
ಬೊಜ್ಜನ್ನು ನೇಯುವ ಎಳೆಗಳೇ ಇರಬಹುದಂತೆ.
ಎಲ್ಲ ಅಲ್ಲ, ಒಂದು ಪಾಲು, ಅದೂ ಸಣ್ಣದು.
ಇರಬಹುದು ಎಂಬ ಮಾತು ಮೂರು ಸಲ ಬಂದಿದೆ,
ಎಣಿಸಿದ್ದೇನೆ.

ಅಪ್ಪ ಹೋದ ಮೇಲೆ ವಕೀಲ ಓದಿದ ಪಾಲುಪಟ್ಟಿಯಲ್ಲಿ
ಗೋಡೆ ಗಡಿಯಾರ ನಿನಗೆ, ಹೊಲಿಗೆ ಯಂತ್ರ ನನಗೆ,
ದೋಣಿ ಸಾಲಕ್ಕೆ.
ಇದನ್ನೊಂದು ಯಾಕೆ ಬರೆಸಲಿಲ್ಲ ಅವನು,
ಕೆಳಗೆ, ರುಜುವಿನ ಪಕ್ಕ:
ಸದರಿ ಸ್ವತ್ತು ಜಂಟಿ. ಒಡೆಯತಕ್ಕದ್ದಲ್ಲ.

ಹೋದ ಕ್ರಿಸ್ಮಸ್ಸಿಗೆ ನೀನು ಬಾಗಿಲು ತೆರೆದಾಗ
ಗುರುತು ಹತ್ತಲಿಲ್ಲ ನನಗೆ.
ಆ ಬಿಳಿ ಮಾತ್ರೆಗಳು ನಿನ್ನ ಮುಖವನ್ನು ದುಂಡಗೆ ಮಾಡಿದ್ದವು.
ಮೂರು ಮಹಡಿ ಹತ್ತಿ ಬಂದ ನಾನು ಮಾತು ಹೊರಡದೆ ನಿಂತಿದ್ದೆ,
ಪಕ್ಕೆಲುಬಿನೊಳಗೆ ಯಾರೋ ಸಿಳ್ಳೆ ಹಾಕುತ್ತಿದ್ದರು.
ಎದುರು ಮನೆಯವಳು ಇಣುಕಿದಳು:
ಅಯ್ಯೋ, ಥೇಟ್ ಒಂದೇ ಅಚ್ಚು!
ಐವತ್ತು ವರ್ಷದಿಂದ ಯಾರೂ ಅಂದಿರಲಿಲ್ಲ.
ನೀನು ನಿನ್ನ ನೀಲಿ ಪಂಪನ್ನು ನನ್ನ ತುಟಿಗಿಟ್ಟು,
ಎಳೆದುಕೊ, ಹಿಡಿದುಕೊ, ಹತ್ತರವರೆಗೆ, ಅಂದೆ.
ಎಣಿಸಿದ್ದು ನೀನೇ.

ಹನ್ನೊಂದಕ್ಕೆ ನನ್ನ ಹೆಸರನ್ನೇ ಬರೆದಿದ್ದೇನೆ, ಬೊಡಿಲ್.
ಹನ್ನೆರಡಕ್ಕೆ ನಿನ್ನದು.
ಅಂಚಿನಲ್ಲಿ ಜಾಗವಿತ್ತು, ಡಬ್ಬಿಯ ವಿಷಯ ಶುರುಮಾಡಿ
ಹೊಡೆದು ಹಾಕಿದೆ. ಅವರ ಯಂತ್ರ ಅದನ್ನು ಓದಲಾರದು.
ಇನ್ನು ನಳಿಗೆ.
ಅರ್ಧ ಗಂಟೆ ಏನೂ ತಿನ್ನಕೂಡದಂತೆ.
ಅದೇ ಮಾತು, ಈ ವಯಸ್ಸಿನಲ್ಲೂ.
ಬಾಯಿ ಒಣಗಿತ್ತು, ಒಂದು ಹನಿ ಬಾರದು.
ಕಣ್ಣು ಮುಚ್ಚಿ
ಕಪಾಟಿನ ನೆತ್ತಿಯ ಆ ಡಬ್ಬಿಯನ್ನು ನೆನೆದೆ.
ನೀರೂರಿತು.
ಗೆರೆಯ ತನಕ ತುಂಬಿದೆ.